ಪಿಯುಸಿ ಕಾಮರ್ಸ್‌ನಿಂದ ಸಿಎವರೆಗೆ: ಶಿವಮೊಗ್ಗ ಬಿಡದೆ ಓದುವ ದಾರಿ

ಸೈನ್ಸ್ ಸೀಟು ಸಿಗಲಿಲ್ಲ ಅಂತ ಕಾಮರ್ಸ್‌ಗೆ ಬಂದವರಿಗೂ, ಶೇಕಡಾ 95 ತೆಗೆದು ಕಾಮರ್ಸೇ ಬೇಕು ಅಂತ ಮನೆಯಲ್ಲಿ ಹಟ ಹಿಡಿದವರಿಗೂ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಪ್ರಶ್ನೆಪತ್ರಿಕೆ ಒಂದೇ. ಹಾಗಾಗಿ ಯಾಕೆ ಬಂದಿರಿ ಅನ್ನುವುದನ್ನು ಬಿಡೋಣ. ಹೇಗೆ ಓದಬೇಕು, ಎಲ್ಲಿದ್ದು ಓದಬೇಕು, ಎಷ್ಟು ದುಡ್ಡು ಬೇಕು, ಇಷ್ಟನ್ನು ಬರೆಯುತ್ತೇನೆ.

ನನ್ನ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ. ಮನೆಯಲ್ಲಿ ಅಡಿಕೆ ತೋಟ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಿಎ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು, "ಮೇಡಂ, ಬೆಂಗಳೂರಿಗೆ ಯಾವಾಗ ಕಳಿಸಬೇಕು?" ಅಂತ. ಕಳಿಸದೇ ಇದ್ದರೂ ನಡೆಯುತ್ತದೆ ಅಂದರೆ ನಂಬುವುದಿಲ್ಲ. ಇಲ್ಲೇ ಕೂತು ಪಾಸಾದವರು ಕಣ್ಣ ಮುಂದೆ ಓಡಾಡುತ್ತಿದ್ದರೂ ಬೆಂಗಳೂರು ಅಂದರೇ ಸಮಾಧಾನ.

ಪಿಯುಸಿಯಲ್ಲಿ ಯಾವ ಕಾಂಬಿನೇಶನ್

ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಮೂರೂ ಹೆಚ್ಚಿನ ಕಾಂಬಿನೇಶನ್‌ಗಳಲ್ಲಿ ಇರುತ್ತವೆ. ಬದಲಾಗುವುದು ನಾಲ್ಕನೆಯದು. ಇತಿಹಾಸ ತಗೊಂಡರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರ ಆದರೆ ಎಸ್‌ಇಬಿಎ, ಕಂಪ್ಯೂಟರ್ ಆದರೆ ಸಿಇಬಿಎ. ಕೆಲವು ಕಾಲೇಜುಗಳಲ್ಲಿ ಬೇಸಿಕ್ ಮ್ಯಾಥ್ಸ್ ಕೂಡ ಇದೆ.

ಸಿಎ ಮನಸ್ಸಿನಲ್ಲಿದ್ದರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಶನ್ ತಗೊಳ್ಳಿ. ಕಾರಣ ಸುಲಭ. ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್. ಅದರ ಮೂರನೇ ಪೇಪರ್‌ನಲ್ಲಿ 40 ಅಂಕ ಗಣಿತ, 20 ಅಂಕ ಲಾಜಿಕಲ್ ರೀಸನಿಂಗ್, 40 ಅಂಕ ಸಂಖ್ಯಾಶಾಸ್ತ್ರ. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಆ 40 ಅಂಕದ ಪಾಠ ಹೊಸದು ಅನ್ನಿಸುವುದಿಲ್ಲ. ಇತಿಹಾಸ ತಗೊಂಡವರು ಹೆದರಬೇಕಾಗಿಲ್ಲ, ಆದರೆ ಪಿಯುಸಿ ಎರಡನೇ ವರ್ಷದಲ್ಲೇ ಹೈಸ್ಕೂಲಿನ ಗಣಿತ ಪುಸ್ತಕಗಳನ್ನು ಅಟ್ಟದಿಂದ ಕೆಳಗಿಳಿಸಬೇಕು. ಅನುಪಾತ, ಬಡ್ಡಿ, ಶ್ರೇಢಿ ಅಲ್ಲಿವೆ. ಲಾಗರಿದಮ್ ಮಾತ್ರ ಹೊಸದಾಗಿ ಕಲಿಯಬೇಕು. ಸೈನ್ಸ್ ಓದಿದವರೂ ಫೌಂಡೇಶನ್ ಬರೆಯಬಹುದು. ಅವರಿಗೆ ಗಣಿತ ಸಲೀಸು, ಜರ್ನಲ್ ಎಂಟ್ರಿ (ವ್ಯವಹಾರವನ್ನು ಲೆಕ್ಕದ ಪುಸ್ತಕಕ್ಕೆ ಬರೆಯುವುದು) ತಲೆನೋವು.

ಲೆಕ್ಕಶಾಸ್ತ್ರದಲ್ಲಿ ನೂರಕ್ಕೆ ನೂರು ಬಂತು, ಸಿಎ ಆಗಿಯೇ ಬಿಡುತ್ತಾನೆ ಅನ್ನುವ ಅಪ್ಪಂದಿರಿಗೆ ಒಂದು ಮಾತು. ಪಿಯುಸಿ ಪತ್ರಿಕೆಯಲ್ಲಿ ಯಾವ ಅಧ್ಯಾಯದಿಂದ ಯಾವ ಲೆಕ್ಕ ಬರುತ್ತದೆ ಅನ್ನುವುದು ಹೆಚ್ಚುಕಡಿಮೆ ಗೊತ್ತಿರುತ್ತದೆ. ಇಲ್ಲಿ ಗೊತ್ತಿರುವುದಿಲ್ಲ. 2024ರ ಜೂನ್‌ನ ಫೌಂಡೇಶನ್‌ನಲ್ಲಿ ಪಾಸಾದವರು ನೂರಕ್ಕೆ 15ರ ಆಸುಪಾಸು. ಅವರ ಜೊತೆ ಬರೆದು ಫೇಲಾದವರಲ್ಲೂ ನೂರಕ್ಕೆ ನೂರು ತಗೊಂಡವರು ಬೇಕಾದಷ್ಟು ಜನ ಇದ್ದಾರೆ.

ಮೂರು ಹಂತ, ಬೇಗ ಹೇಳಿ ಮುಗಿಸುತ್ತೇನೆ

ಸಿಎ ಕೋರ್ಸ್ ನಡೆಸುವುದು ಯಾವ ವಿಶ್ವವಿದ್ಯಾಲಯವೂ ಅಲ್ಲ. 1949ರ ಕಾಯ್ದೆಯಿಂದ ಹುಟ್ಟಿದ ಐಸಿಎಐ (ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ) ಅನ್ನುವ ಸಂಸ್ಥೆ. ನಾವೆಲ್ಲ ಸುಮ್ನೆ ಇನ್‌ಸ್ಟಿಟ್ಯೂಟ್ ಅಂತೀವಿ. ದಕ್ಷಿಣ ಭಾರತಕ್ಕೆ ಇದರ ಪ್ರಾದೇಶಿಕ ಕಚೇರಿ ಚೆನ್ನೈನಲ್ಲಿದೆ. ಈಗ ನಡೆಯುತ್ತಿರುವುದು 2023ರಲ್ಲಿ ಬಂದ ಹೊಸ ಪದ್ಧತಿ. ನಿಮ್ಮ ಅಣ್ಣನೋ ಚಿಕ್ಕಪ್ಪನೋ ಹೇಳುವ ಎಷ್ಟೋ ಮಾತು ಹಳೇ ಪದ್ಧತಿಯದ್ದು, ಹಾಗಾಗಿ ಕೇಳಿದ್ದನ್ನೆಲ್ಲ ನಂಬಬೇಡಿ.

ಮೊದಲನೆಯದು ಫೌಂಡೇಶನ್. ನಾಲ್ಕು ಪೇಪರ್: ಅಕೌಂಟಿಂಗ್, ಬಿಸಿನೆಸ್ ಲಾ, ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಎಕನಾಮಿಕ್ಸ್. ಮೊದಲೆರಡು ಬರೆದು ಉತ್ತರಿಸುವುದು, ಕೊನೆಯ ಎರಡು ಸರಿ ಉತ್ತರ ಆರಿಸುವುದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಹತ್ತನೇ ತರಗತಿ ಆದ ಮೇಲೆಯೇ ನೋಂದಣಿ ಮಾಡಬಹುದು, ಪರೀಕ್ಷೆ ಮಾತ್ರ ಪಿಯುಸಿ ಮುಗಿದ ಮೇಲೆ. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳು ಇರಬೇಕು.

ಎರಡನೆಯದು ಇಂಟರ್. ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಓದಿಗೆ ಎಂಟು ತಿಂಗಳು. ಎರಡೂ ಗ್ರೂಪ್ ಪಾಸಾಗಿ, ಸಣ್ಣ ತರಬೇತಿಗಳನ್ನು ಮುಗಿಸಿದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು. ನಮ್ಮ ಕಾಲಕ್ಕೆ ಅದು ಮೂರು ವರ್ಷ. ಅದು ಮುಗಿದು ಆರು ತಿಂಗಳ ಮೇಲೆ ಫೈನಲ್, ಅಲ್ಲೂ ಆರು ಪೇಪರ್. ಎಲ್ಲವೂ ಮೊದಲ ಸಲಕ್ಕೇ ಪಾಸಾದರೆ ಪಿಯುಸಿ ಆಗಿ ನಾಲ್ಕು ವರ್ಷದ ಆಚೀಚೆಗೆ ಸಿಎ. "ಹತ್ತು ವರ್ಷ ಬೇಕಂತೆ ಹೌದಾ?" ಅಂದರೆ, ಬೇಕಾದವರೂ ಇದ್ದಾರೆ. ಅದು ಕೋರ್ಸಿನ ಅವಧಿಯಲ್ಲ, ಮತ್ತೆ ಮತ್ತೆ ಬರೆದ ಅವಧಿ.

ಬಿಕಾಂ ಆದವರಿಗೆ ಇನ್ನೊಂದು ಬಾಗಿಲಿದೆ. 55 ಪರ್ಸೆಂಟ್ ಇದ್ದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಗೆ ಸೇರಬಹುದು. ಬೇರೆ ಪದವಿಯವರಿಗೆ 60 ಬೇಕು. ಡಿಗ್ರಿ ಮುಗಿಸಿ ನಿಧಾನಕ್ಕೆ ಯೋಚಿಸುತ್ತೇನೆ ಅನ್ನುವವರಿಗೆ ಇದೇ ಸರಿ. ಆದರೆ ಪಿಯುಸಿ ಆದ ಕೂಡಲೇ ಫೌಂಡೇಶನ್ ಬರೆದರೆ ಒಂದು ಲಾಭ ಇದೆ: ಈ ಕೋರ್ಸ್ ನಮಗೆ ಆಗಿಬರುತ್ತದಾ ಇಲ್ಲವಾ ಅನ್ನುವುದು ಕಡಿಮೆ ಖರ್ಚಿನಲ್ಲಿ, ಹದಿನೆಂಟನೇ ವಯಸ್ಸಿನಲ್ಲೇ ಗೊತ್ತಾಗುತ್ತದೆ.

ಪಾಸಾಗುವ ಲೆಕ್ಕವನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಪ್ರತಿ ಪೇಪರ್‌ನಲ್ಲಿ 40, ಒಟ್ಟಿನಲ್ಲಿ ಶೇಕಡಾ 50. ಫೌಂಡೇಶನ್‌ನಲ್ಲಿ ಒಬ್ಬಳಿಗೆ 72, 38, 65, 60 ಬಂತು ಅಂದುಕೊಳ್ಳಿ. ಒಟ್ಟು 235. ಆದರೂ ಫೇಲ್, ಲಾ ಪೇಪರ್‌ನಲ್ಲಿ 38 ಇರುವುದಕ್ಕೆ. ಇನ್ನೊಬ್ಬನಿಗೆ 45, 48, 50, 52. ಎಲ್ಲದರಲ್ಲೂ 40 ದಾಟಿದ್ದಾನೆ, ಆದರೂ ಫೇಲ್, ಒಟ್ಟು 195 ಆಗಿದ್ದಕ್ಕೆ. ಎರಡನೆಯವನ ಕಥೆ ಜಾಸ್ತಿ ಕಾಣಿಸುತ್ತದೆ. ಒಂದಾದರೂ ಪೇಪರ್‌ನಲ್ಲಿ 70 ದಾಟುವ ಹಾಗೆ ತಯಾರಿ ಇಟ್ಟುಕೊಂಡರೆ ಉಳಿದವು ಸ್ವಲ್ಪ ಜಾರಿದರೂ ಬಚಾವ್. ನಮ್ಮ ಹುಡುಗರಿಗೆ ಆ ಪೇಪರ್ ಸಾಮಾನ್ಯವಾಗಿ ಅಕೌಂಟ್ಸ್.

ಇಂಗ್ಲಿಷ್ ಅನ್ನುವ ಗುಮ್ಮ

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮಲೆನಾಡಿನ ಮಕ್ಕಳು ಸಿಎ ಕೈಬಿಡುವುದು ಲೆಕ್ಕ ಬಾರದೆ ಅಲ್ಲ. ಪರೀಕ್ಷೆ ಬರೆಯುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಅಕೌಂಟ್ಸ್‌ನಲ್ಲಿ ಅಂಕಿಗಳು ಕೈಹಿಡಿಯುತ್ತವೆ. ಲಾ ಪೇಪರ್‌ನಲ್ಲಿ ಮೂರು ಗಂಟೆ ಕೂತು ವಾಕ್ಯ ಬರೆಯಬೇಕು. ಅಲ್ಲೇ ಸೋಲುವುದು.

ಭಾರತೀಯ ಕರಾರು ಕಾಯ್ದೆ 1872ರದ್ದು, ಪಾಲುದಾರಿಕೆ ಕಾಯ್ದೆ 1932ರದ್ದು. ಭಾಷೆಯೂ ಆ ಕಾಲದ್ದೇ. ಒಂದು ವಾಕ್ಯ ಅರ್ಧ ಪುಟ ಹೋಗುತ್ತದೆ. ಇದನ್ನು ಉರು ಹೊಡೆಯಲು ಹೋಗಬೇಡಿ. ನಾನು ನನ್ನ ಹತ್ತಿರ ಬರುವ ಮಕ್ಕಳಿಗೆ ಹೇಳುವ ಕ್ರಮ ಹೀಗಿದೆ.

ಒಂದು ಸೆಕ್ಷನ್ ಇಂಗ್ಲಿಷ್‌ನಲ್ಲಿ ಓದಿ. ಪುಸ್ತಕ ಮುಚ್ಚಿ. ಅದನ್ನು ಕನ್ನಡದಲ್ಲಿ ಮನೆಯ ಯಾರಿಗಾದರೂ ಹೇಳಿ, ನಮ್ಮ ಊರಿನ ಉದಾಹರಣೆ ಇಟ್ಟು. "ಅಜ್ಜಿ, ಹದಿನೇಳು ವರ್ಷದ ಹುಡುಗ ಬೈಕ್ ತಗೊಳ್ಳೋಕೆ ಸಾಲಪತ್ರಕ್ಕೆ ಸಹಿ ಹಾಕಿದ. ಕಂತು ಕಟ್ಟಲಿಲ್ಲ. ಸಾಲ ಕೊಟ್ಟವನು ಕೋರ್ಟಿಗೆ ಹೋದ. ದುಡ್ಡು ವಸೂಲಾಗುತ್ತಾ?" ಅಜ್ಜಿ "ಸಾಲ ಮಾಡಿದ ಮೇಲೆ ಕಟ್ಟಬೇಕಪ್ಪ" ಅಂತಾರೆ. ಕಾನೂನು ಹಾಗನ್ನುವುದಿಲ್ಲ. ಹದಿನೆಂಟು ತುಂಬದವರ ಜೊತೆ ಮಾಡಿದ ಕರಾರು ಮೊದಲಿನಿಂದಲೇ ಅನೂರ್ಜಿತ. 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತಿ ಮೇಲಿನ ಕೋರ್ಟು) ಇದನ್ನೇ ಹೇಳಿತು. ಅಜ್ಜಿಗೆ ಯಾಕೆ ಹಾಗೆ ಅಂತ ವಿವರಿಸುವಷ್ಟರಲ್ಲಿ ನಿಮಗೆ ಅರ್ಥವಾಗಿರುತ್ತದೆ. ಅಜ್ಜಿ ಒಪ್ಪದೇ ಇರಬಹುದು, ಅದು ಬೇರೆ ವಿಷಯ.

ಈಗ ಮತ್ತೆ ಇಂಗ್ಲಿಷ್‌ಗೆ ಬನ್ನಿ. ಉತ್ತರ ಮೂರು ತುಂಡಿನಲ್ಲಿರಲಿ. ಮೊದಲ ತುಂಡು, ಕಾನೂನು ಏನು ಹೇಳುತ್ತದೆ. ಎರಡನೆಯದು, ಪ್ರಶ್ನೆಯಲ್ಲಿ ಏನು ನಡೆದಿದೆ. ಮೂರನೆಯದು, ಹಾಗಾದರೆ ತೀರ್ಮಾನ ಏನು. ಒಂದೊಂದು ವಾಕ್ಯವೂ ಹತ್ತು ಹನ್ನೆರಡು ಪದ ಮೀರದಿರಲಿ. ಚಂದದ ಇಂಗ್ಲಿಷ್‌ಗೆ ಅಂಕ ಇಲ್ಲ. ಸರಿಯಾದ ಕಾನೂನಿನ ಪದ ಸರಿಯಾದ ಜಾಗದಲ್ಲಿ ಬಿದ್ದಿದೆಯಾ ಅಂತ ನೋಡುತ್ತಾರೆ. ಸೆಕ್ಷನ್ ನಂಬರ್ ನೆನಪಿದ್ದರೆ ಹಾಕಿ, ನೆನಪಿಲ್ಲದಿದ್ದರೆ ಬಿಡಿ. ಊಹೆ ಮಾಡಿ ತಪ್ಪು ನಂಬರ್ ಹಾಕಬೇಡಿ.

ದಿನಕ್ಕೆ ಎರಡು ಉತ್ತರ ಕೈಯಲ್ಲಿ ಬರೆಯಬೇಕು. ಮೊಬೈಲ್‌ನಲ್ಲಿ ಪಾಠ ನೋಡಿ ತಲೆ ಆಡಿಸುವುದು ಓದಲ್ಲ. ಬರೆದದ್ದನ್ನು ಇನ್‌ಸ್ಟಿಟ್ಯೂಟ್‌ನ ಮಾದರಿ ಉತ್ತರದ ಪಕ್ಕ ಇಟ್ಟು, ಯಾವ ಪದ ಬಿಟ್ಟಿದ್ದೀರಿ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಕನ್ನಡ ಮೀಡಿಯಂನಿಂದ ಬಂದವರಿಗೂ ಇದು ಮೂರ್ನಾಲ್ಕು ತಿಂಗಳಲ್ಲಿ ಹತೋಟಿಗೆ ಬರುತ್ತದೆ.

ಪುಸ್ತಕ, ಕ್ಲಾಸು, ಮಳೆ

ಇನ್‌ಸ್ಟಿಟ್ಯೂಟ್‌ನ ಸ್ಟಡಿ ಮೆಟೀರಿಯಲ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಲೈವ್ ಕ್ಲಾಸುಗಳೂ ಪುಕ್ಕಟೆ. ಇದರ ಜೊತೆಗೆ ಪ್ರತಿ ಪರೀಕ್ಷೆಗೆ ಮೊದಲು ಬರುವ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್, ಹಿಂದಿನ ಪರೀಕ್ಷೆಗಳ ಮಾದರಿ ಉತ್ತರ. ಇಷ್ಟನ್ನೂ ನಿಜವಾಗಿ ಮುಗಿಸಿದವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ನೋಡಿದ್ದೇನೆ. ಅವರಿಗೆ ಕೋಚಿಂಗ್ ಬೇಕಾಗಿರಲಿಲ್ಲ.

ಕೋಚಿಂಗ್ ಬೇಡವೇ ಬೇಡ ಅಂತಲ್ಲ. ಇಂಟರ್‌ನ ಅಡ್ವಾನ್ಸ್ಡ್ ಅಕೌಂಟಿಂಗ್, ಟ್ಯಾಕ್ಸ್, ಕಾಸ್ಟಿಂಗ್ ಸ್ವಂತ ಓದಿಗೆ ಕಷ್ಟ ಕೊಡುತ್ತವೆ. ಬೇಕಾದ ಪೇಪರ್‌ಗೆ ಮಾತ್ರ ರೆಕಾರ್ಡೆಡ್ ಕ್ಲಾಸ್ ತಗೊಳ್ಳಿ. ಫೌಂಡೇಶನ್‌ನಿಂದ ಫೈನಲ್‌ವರೆಗೆ ಒಟ್ಟಿಗೆ ಫೀಸು ಕಟ್ಟಿದರೆ ಡಿಸ್ಕೌಂಟ್ ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಫೌಂಡೇಶನ್ ದಾಟುತ್ತೇವಾ ಅನ್ನುವುದೇ ಗೊತ್ತಿಲ್ಲದಾಗ ಫೈನಲ್‌ಗೆ ಯಾಕೆ ದುಡ್ಡು ಕಟ್ಟಬೇಕು?

ಹೊಸನಗರ, ಸಾಗರ, ತೀರ್ಥಹಳ್ಳಿ ಒಳಗಿನ ಹಳ್ಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಆದ್ದರಿಂದ ಮೇ ಕೊನೆಯೊಳಗೆ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಿ. ಲಾ ಮತ್ತು ಅಕೌಂಟ್ಸ್‌ನದ್ದು ಅಚ್ಚಾದ ಪುಸ್ತಕವನ್ನೇ ಇನ್‌ಸ್ಟಿಟ್ಯೂಟ್‌ನಿಂದ ತರಿಸಿಕೊಳ್ಳಿ. ವಿಡಿಯೋ ಪಾಠ ಇದ್ದರೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಪಿಯುಸಿ ಮುಗಿಸಿ ಸೆಪ್ಟೆಂಬರ್ ಪರೀಕ್ಷೆಗೆ ಕೂರುವವರ ಓದೆಲ್ಲ ಬೀಳುವುದು ಇದೇ ಮಳೆಗಾಲದಲ್ಲಿ. ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ: ಜನವರಿ, ಮೇ-ಜೂನ್, ಸೆಪ್ಟೆಂಬರ್. ಮನೆಯಲ್ಲಿ ಅನುಕೂಲ ಇಲ್ಲದವರು ಸೆಪ್ಟೆಂಬರ್‌ಗೆ ಓಡದೆ ಜನವರಿಗೆ ಬರೆದರೂ ಏನೂ ಹಾಳಾಗುವುದಿಲ್ಲ.

ಹಳೇ ಪುಸ್ತಕದ ವಿಷಯದಲ್ಲಿ ಹುಷಾರು. ಅಕೌಂಟ್ಸ್, ಕಾಸ್ಟಿಂಗ್ ಪುಸ್ತಕ ಸೀನಿಯರ್‌ಗಳಿಂದ ತಗೊಳ್ಳಬಹುದು, ಸಿಲಬಸ್ ಹೊಸದಿರಬೇಕು ಅಷ್ಟೆ. ಟ್ಯಾಕ್ಸ್ ಪುಸ್ತಕ ಮಾತ್ರ ಬೇಡವೇ ಬೇಡ. ಬಜೆಟ್ ಬಂದಾಗಲೆಲ್ಲ ಕಾನೂನು ಬದಲಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್‌ಗಳೇ ಬೇರೆ. ನಿಮ್ಮ ಪರೀಕ್ಷೆಗೆ ಯಾವುದು ಅನ್ವಯ ಅನ್ನುವುದನ್ನು ಇನ್‌ಸ್ಟಿಟ್ಯೂಟ್ ಪ್ರಕಟಿಸುತ್ತದೆ. ಅದನ್ನು ನೋಡಿಯೇ ಪುಸ್ತಕ ಕೊಳ್ಳಿ.

ಕ್ಯಾಲ್ಕುಲೇಟರ್ ಹನ್ನೆರಡು ಅಂಕಿಯದ್ದು ಇರಲಿ. ಸೈಂಟಿಫಿಕ್ ಬಿಡುವುದಿಲ್ಲ. ಮೊದಲ ದಿನದಿಂದ ಒಂದೇ ಕ್ಯಾಲ್ಕುಲೇಟರ್ ಬಳಸಿ, ಬೆರಳಿಗೆ ಅಭ್ಯಾಸ ಆಗಬೇಕು. ಚಕ್ರಬಡ್ಡಿ ಲೆಕ್ಕಕ್ಕೆ 1.1 ಒತ್ತಿ, ಗುಣಾಕಾರದ ಬಟನ್ ಒತ್ತಿ, ಆಮೇಲೆ ಈಕ್ವಲ್ ಒತ್ತುತ್ತಾ ಹೋಗಿ. 1.21, 1.331, 1.4641 ಅಂತ ಬರುತ್ತಾ ಹೋಗುತ್ತದೆ. ಕೆಲವು ಕಂಪನಿಯದ್ದರಲ್ಲಿ ಗುಣಾಕಾರ ಎರಡು ಸಲ ಒತ್ತಬೇಕು. ಹತ್ತು ವರ್ಷದ ಬಡ್ಡಿ ಹತ್ತು ಸೆಕೆಂಡಿನಲ್ಲಿ. ಇದು ಗೊತ್ತಿಲ್ಲದೆ ಕಾಗದದ ಮೇಲೆ ಗುಣಿಸುತ್ತಾ ಕೂತವರಿಗೆ ಎರಡು ಗಂಟೆಯಲ್ಲಿ ಪೇಪರ್ ಮುಗಿಯುವುದಿಲ್ಲ.

ದುಡ್ಡು

ನೋಂದಣಿ ಫೀಸು ಫೌಂಡೇಶನ್‌ಗೆ ಹತ್ತು ಸಾವಿರದ ಹತ್ತಿರ, ಇಂಟರ್ ಎರಡೂ ಗ್ರೂಪಿಗೆ ಸೇರಿ ಹದಿನೆಂಟು ಸಾವಿರದ ಸುತ್ತ, ಫೈನಲ್‌ಗೆ ಇಪ್ಪತ್ತೆರಡು ಸಾವಿರದ ಸುತ್ತ. ಮಧ್ಯೆ ಕಂಪ್ಯೂಟರ್ ಮತ್ತು ಓರಿಯಂಟೇಶನ್ ತರಬೇತಿಗಳು ನಾಲ್ಕು, ಒಂದೊಂದಕ್ಕೆ ಏಳು ಸಾವಿರದ ಆಸುಪಾಸು. ಪರೀಕ್ಷಾ ಶುಲ್ಕ ಬೇರೆ. ಒಂದೇ ಸಲಕ್ಕೆ ಪಾಸಾದರೆ ಎಲ್ಲ ಸೇರಿ ಲಕ್ಷದೊಳಗೆ ಮುಗಿಯುತ್ತದೆ. ಈಗಿನ ಧಾರಣೆಯಲ್ಲಿ ಎರಡು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು, ಅದೂ ನಾಲ್ಕು ವರ್ಷಕ್ಕೆ ಹಂಚಿ. ಫೀಸು ಆಗಾಗ ಪರಿಷ್ಕರಣೆ ಆಗುತ್ತದೆ, ಕಟ್ಟುವ ಮುಂಚೆ ವೆಬ್‌ಸೈಟ್ ನೋಡಿ. ಮೆರಿಟ್ ಮತ್ತು ಮನೆ ಪರಿಸ್ಥಿತಿ ನೋಡಿ ಕೊಡುವ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಅರ್ಜಿ ಹಾಕುವವರೇ ಕಡಿಮೆ.

ಖರ್ಚು ಏರುವುದು ಬೆಂಗಳೂರಿನ ಪಿಜಿ, ಊಟ ಮತ್ತು ಕೋಚಿಂಗ್‌ನಿಂದ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೋರ್ಸ್ ದುಬಾರಿ ಅಂತ ತಿಳಿದು ಹೆಣ್ಣುಮಕ್ಕಳನ್ನು ಬಿಕಾಂಗೇ ನಿಲ್ಲಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಬಿಕಾಂ ಜೊತೆಗೆ ಬೇಕಾ

ಫೌಂಡೇಶನ್ ಮೂಲಕ ಬಂದವರಿಗೆ ಸಿಎ ಆಗಲು ಡಿಗ್ರಿ ಕಡ್ಡಾಯ ಅಲ್ಲ. ಆದರೂ ಮಾಡಿಕೊಳ್ಳಿ. ಮಧ್ಯದಲ್ಲಿ ಮನಸ್ಸು ಬದಲಾದರೆ ಬ್ಯಾಂಕು, ಸರ್ಕಾರಿ ಪರೀಕ್ಷೆ ಎಲ್ಲದಕ್ಕೂ ಡಿಗ್ರಿ ಕೇಳುತ್ತಾರೆ. ಆರ್ಟಿಕಲ್‌ಶಿಪ್ ಸೇರಿದ ಮೇಲೆ ಆಫೀಸ್ ವೇಳೆಯಲ್ಲಿ ಕಾಲೇಜಿನಲ್ಲಿ ಕೂರುವಂತಿಲ್ಲ. ಹಾಗಾಗಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಬಿಕಾಂ ಅಥವಾ ಇಗ್ನೋ ಬಿಕಾಂ ಹೊಂದುತ್ತದೆ. ರೆಗ್ಯುಲರ್ ಕಾಲೇಜೇ ಬೇಕು ಅಂದರೆ ಬಿಕಾಂ ಓದುತ್ತಲೇ ಫೌಂಡೇಶನ್, ಇಂಟರ್ ಮುಗಿಸಿ, ಡಿಗ್ರಿ ಆದ ಮೇಲೆ ಆರ್ಟಿಕಲ್‌ಶಿಪ್ ಸೇರಿ. ಒಂದು ವರ್ಷ ತಡ ಆಗಬಹುದು, ತಲೆಬಿಸಿ ಕಡಿಮೆ.

ಆರ್ಟಿಕಲ್‌ಶಿಪ್: ಊರಲ್ಲಾ, ಬೆಂಗಳೂರಾ

ನನ್ನನ್ನು ಕೇಳಿದರೆ ಇಡೀ ಕೋರ್ಸಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಇದೊಂದೇ. ಕಾಲೇಜು ಯಾವುದು, ಕೋಚಿಂಗ್ ಯಾವುದು ಅನ್ನುವುದಕ್ಕೆ ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತಾರೆ. ಎರಡು ವರ್ಷ ಯಾರ ಕೈಕೆಳಗೆ ಕೆಲಸ ಕಲಿಯಬೇಕು ಅನ್ನುವುದನ್ನು ಮಾತ್ರ ಗೆಳೆಯ ಸೇರಿದ ಕಡೆ ನಾನೂ ಸೇರಿದೆ ಅಂತ ಮುಗಿಸಿಬಿಡುತ್ತಾರೆ.

ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯಲ್ಲಿ, ದೊಡ್ಡ ಬ್ಯಾಂಕಿನಲ್ಲಿ, ಬಹುರಾಷ್ಟ್ರೀಯ ಕಂಪನಿಯಲ್ಲಿ ನೌಕರಿ ಮಾಡುವ ಆಸೆ ಇದ್ದರೆ ಬೆಂಗಳೂರಿನ ದೊಡ್ಡ ಫರ್ಮ್‌ಗೆ ಹೋಗಿ. ಅಲ್ಲಿ ಕಲಿಯುವುದು ಇಲ್ಲಿ ಸಿಗುವುದಿಲ್ಲ. ಆದರೆ ಅಲ್ಲಿ ಒಂದೇ ಕಂಪನಿಯ ಒಂದೇ ಖಾತೆಯನ್ನು ಮೂರು ತಿಂಗಳು ನೋಡುತ್ತಾ ಕೂರಬೇಕಾಗಿ ಬಂದರೂ ಬಂತು. ಸ್ವಂತ ಪ್ರಾಕ್ಟೀಸ್ ಮಾಡಬೇಕು, ಊರ ಕಡೆ ಇರಬೇಕು ಅನ್ನುವವರಿಗೆ ಶಿವಮೊಗ್ಗದ ಸಣ್ಣ ಫರ್ಮ್ ಚಿನ್ನ. ಬೆಳಗ್ಗೆ ಅಡಿಕೆ ಮಂಡಿಯ ಲೆಕ್ಕ, ಮಧ್ಯಾಹ್ನ ರೈಸ್ ಮಿಲ್ಲಿನದ್ದು, ಸಂಜೆ ಕಂಟ್ರಾಕ್ಟರ್‌ದು. ಮಳೆಗಾಲದಲ್ಲಿ ಸಹಕಾರಿ ಸೊಸೈಟಿಗಳ ಆಡಿಟ್.

ಅಡಿಕೆಯ ಒಂದು ಉದಾಹರಣೆ ಕೊಡುತ್ತೇನೆ. ಸ್ವಂತ ತೋಟದ ಅಡಿಕೆಯನ್ನು ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದರೆ ಬಂದ ದುಡ್ಡು ಕೃಷಿ ಆದಾಯ. ಬೇಯಿಸಿ ಒಣಗಿಸುವುದು ಕಾರ್ಖಾನೆ ಕೆಲಸ ಅಲ್ಲವಾ ಅಂತ ಕೇಳಬಹುದು. ಮಾರುಕಟ್ಟೆಗೆ ಒಯ್ಯುವ ಹಾಗೆ ಮಾಡಲು ಬೆಳೆಗಾರರು ಸಾಮಾನ್ಯವಾಗಿ ಮಾಡುವ ಸಂಸ್ಕರಣೆ ಕೃಷಿಯ ಭಾಗವೇ ಅಂತ ಆದಾಯ ತೆರಿಗೆ ಕಾನೂನು ಒಪ್ಪುತ್ತದೆ. ಈಗ ಖೇಣಿಗೆ ಬನ್ನಿ. ಒಬ್ಬರು ಪಕ್ಕದವರ ತೋಟದ ಫಸಲನ್ನು ಮರದ ಮೇಲಿರುವಾಗಲೇ ಖೇಣಿ ಹಿಡಿದು, ಅದೇ ಕೊನೆ ಕೊಯ್ದು, ಅದೇ ರೀತಿ ಸುಲಿದು ಬೇಯಿಸಿ ಮಾರುತ್ತಾರೆ. ಅಂಗಳ ಅದೇ, ಹಂಡೆ ಅದೇ, ಮಂಡಿ ಪಟ್ಟಿಯೂ ಅದೇ ಥರದ್ದು. ಆದರೆ ಖೇಣಿ ಹಿಡಿದವರ ಲಾಭ ವ್ಯಾಪಾರದ ಆದಾಯ, ಅದಕ್ಕೆ ತೆರಿಗೆ ಇದೆ. ಅವರು ಬೆಳೆದಿಲ್ಲ, ಬೆಳೆದು ನಿಂತದ್ದನ್ನು ಕೊಂಡಿದ್ದಾರೆ, ಅದಕ್ಕೆ. ತೋಟದ ಮಾಲೀಕರಿಗೆ ಬಂದ ಖೇಣಿ ದುಡ್ಡು ಮಾತ್ರ ಕೃಷಿ ಆದಾಯವೇ.

ನಮ್ಮ ಕಡೆ ಒಬ್ಬರೇ ಎರಡನ್ನೂ ಮಾಡುತ್ತಾರೆ. ವರ್ಷದ ಕೊನೆಗೆ ಮಂಡಿ ಪಟ್ಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿಯುತ್ತಾರೆ. ಯಾವ ಮೂಟೆ ಸ್ವಂತ ತೋಟದ್ದು, ಯಾವುದು ಖೇಣಿಯದ್ದು ಅಂತ ಬೇರ್ಪಡಿಸುವುದು ಆರ್ಟಿಕಲ್ ಹುಡುಗ ಹುಡುಗಿಯರ ಕೆಲಸ. ಎಕರೆ ಎಷ್ಟು, ಈ ವರ್ಷ ಕೊಳೆ ರೋಗ ಬಂದಿತ್ತಾ, ಎಷ್ಟು ಕ್ವಿಂಟಲ್ ಆಗಬಹುದು ಅನ್ನುವ ಅಂದಾಜು ಇದ್ದರೆ ಪಟ್ಟಿ ನೋಡಿದ ಕೂಡಲೇ ಅನುಮಾನ ಬರುತ್ತದೆ. ಎರಡು ಎಕರೆ ತೋಟ ಇಟ್ಟುಕೊಂಡು ಅರವತ್ತು ಕ್ವಿಂಟಲ್ ಒಣ ಅಡಿಕೆ ಮಾರಿದ್ದೇನೆ ಅಂದರೆ ತೋಟದ ಮನೆಯಲ್ಲಿ ಬೆಳೆದ ಹುಡುಗಿ ತಕ್ಷಣ ತಲೆಯೆತ್ತಿ ನೋಡುತ್ತಾಳೆ. ಪೇಟೆಯಲ್ಲಿ ಬೆಳೆದವರಿಗೆ ಅದನ್ನು ಕಲಿಸಲು ನನಗೆ ಒಂದು ಸೀಸನ್ ಬೇಕು.

ಸೊಸೈಟಿ ಆಡಿಟ್‌ಗೆ ಹೋದಾಗ ಗೊಬ್ಬರದ ಗೋಡೌನ್ ಎಣಿಸಬೇಕು. ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. ಒಂದು ಕಡೆ ಸ್ಟಾಕ್ ಪುಸ್ತಕದಲ್ಲಿ ಎರಡನ್ನೂ ಐವತ್ತರಿಂದ ಗುಣಿಸಿ ತೂಕ ಬರೆದಿದ್ದರು. ಚೀಲದ ಲೆಕ್ಕ ಸರಿ, ತೂಕದ ಲೆಕ್ಕ ತಾಳೆಯಾಗುತ್ತಿಲ್ಲ. ಮೋಸ ಏನೂ ಇಲ್ಲ, ಹಳೇ ರೂಢಿ ಅಷ್ಟೆ, ಯೂರಿಯಾ ಮೊದಲು 50 ಕೆಜಿ ಚೀಲದಲ್ಲೇ ಬರುತ್ತಿತ್ತು. ಇದನ್ನು ಹಿಡಿದದ್ದು ಆರ್ಟಿಕಲ್‌ಶಿಪ್ ಸೇರಿ ಆರು ತಿಂಗಳೂ ಆಗಿರದ ಹುಡುಗಿ. ಪುಸ್ತಕ ಬಿಟ್ಟು ಚೀಲದ ಮೇಲೆ ಅಚ್ಚಾದದ್ದನ್ನು ಓದಿದ್ದಳು. ಆಡಿಟ್ ಅಂದರೆ ಏನು ಅಂತ ಅವಳಿಗೆ ನಾನು ಮತ್ತೆ ಪಾಠ ಮಾಡಲಿಲ್ಲ.

ಫರ್ಮ್ ಆರಿಸುವಾಗ ನಾಚಿಕೆ ಬಿಟ್ಟು ಇವನ್ನು ಕೇಳಿ. ಆರ್ಟಿಕಲ್‌ಗಳು ಎಷ್ಟು ಜನ ಇದ್ದಾರೆ? ಹೊರಗೆ ಆಡಿಟ್‌ಗೆ ಕರೆದುಕೊಂಡು ಹೋಗುತ್ತೀರಾ, ಇಲ್ಲಾ ಆಫೀಸಿನಲ್ಲೇ ಟ್ಯಾಲಿ ಎಂಟ್ರಿ ಮಾಡಿಸುತ್ತೀರಾ? ಜಿಎಸ್‌ಟಿ, ಆದಾಯ ತೆರಿಗೆ, ಆಡಿಟ್ ಮೂರೂ ಸಿಗುತ್ತದಾ? ಸ್ಟೈಪೆಂಡ್ (ತರಬೇತಿ ಭತ್ಯೆ) ಎಷ್ಟು? ಕನಿಷ್ಠ ಎಷ್ಟು ಕೊಡಬೇಕು ಅನ್ನುವುದನ್ನು ಊರಿನ ಜನಸಂಖ್ಯೆ ನೋಡಿ ಇನ್‌ಸ್ಟಿಟ್ಯೂಟೇ ನಿಗದಿ ಮಾಡಿದೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಳ್ಳುವ ಕಡೆ ಸೇರಬೇಡಿ. ಈಗಾಗಲೇ ಅಲ್ಲಿರುವ ಆರ್ಟಿಕಲ್ ಒಬ್ಬರನ್ನು ಹೊರಗೆ ಚಹಾಕ್ಕೆ ಕರೆದು ಮಾತಾಡಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಸುಮ್ನೆ ಹೆಸರಿಗೆ ಆರ್ಟಿಕಲ್‌ಶಿಪ್ ತೋರಿಸಿ ಮನೆಯಲ್ಲಿ ಓದಿಕೊಳ್ಳಿ ಅನ್ನುವವರೂ ಇರುತ್ತಾರೆ. ಅದು ನಿಯಮಕ್ಕೆ ವಿರುದ್ಧ, ನಿಮಗೂ ನಷ್ಟ.

ರಜೆ ವರ್ಷಕ್ಕೆ 12 ದಿನ. ಜಾತ್ರೆ, ಮದುವೆ, ಕೊನೆಕೊಯ್ಲು ಎಲ್ಲದಕ್ಕೂ ಊರಿಗೆ ಬಾ ಅಂತ ಮನೆಯವರು ಕರೆಯುತ್ತಾರೆ. ಜಾಸ್ತಿ ರಜೆ ಹಾಕಿದಷ್ಟೂ ಟ್ರೈನಿಂಗ್ ಮುಂದಕ್ಕೆ ಹೋಗುತ್ತದೆ, ಫೈನಲ್ ಕೂಡ. ಇದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ.

ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ನಡೆಯುವಾಗ ದೊಡ್ಡ ಪರೀಕ್ಷೆ ಇಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಎರಡು ವರ್ಷ ಪುಸ್ತಕ ಮುಟ್ಟದೆ ಇದ್ದು, ಕೊನೆಯ ಆರು ತಿಂಗಳಲ್ಲಿ ಫೈನಲ್‌ನ ಆರು ಪೇಪರ್ ಓದುತ್ತೇನೆ ಅನ್ನುವುದು ಆಗದ ಮಾತು. ಆನ್‌ಲೈನ್‌ನಲ್ಲಿ ನಮ್ಮ ಅನುಕೂಲಕ್ಕೆ ಬರೆಯುವ ಸೆಲ್ಫ್ ಪೇಸ್ಡ್ ಮಾಡ್ಯೂಲ್‌ಗಳನ್ನು ಮೊದಲ ವರ್ಷದಲ್ಲೇ ಮುಗಿಸಿ. ಎರಡನೇ ವರ್ಷ ಬೆಳಗ್ಗೆ ಆಫೀಸಿಗೆ ಮುಂಚೆ ಒಂದೂವರೆ ಗಂಟೆ ಫೈನಲ್‌ನ ಫೈನಾನ್ಶಿಯಲ್ ರಿಪೋರ್ಟಿಂಗ್ ಪೇಪರ್ ಒಂದನ್ನೇ ಹಿಡಿಯಿರಿ. ಟ್ಯಾಕ್ಸ್ ಮತ್ತು ಆಡಿಟ್ ಆಫೀಸಿನಲ್ಲೇ ದಿನಾ ಕೈಗೆ ಸಿಗುತ್ತದೆ. ಕೊನೆಯ ಪೇಪರ್ ಕೇಸ್ ಸ್ಟಡಿ, ಪುಸ್ತಕ ನೋಡಿ ಬರೆಯುವುದು. ಪುಸ್ತಕ ನೋಡಬಹುದು ಅಂತ ಸಂತೋಷ ಪಡಬೇಡಿ, ಯಾವ ಪುಟ ತೆಗೆಯಬೇಕು ಅನ್ನುವುದು ಗೊತ್ತಿರಬೇಕಲ್ವಾ.

ನೋಂದಣಿಗೆ ಕೂರುವ ಮುಂಚೆ

ಅರ್ಜಿ ಪೂರ್ತಿ ಆನ್‌ಲೈನ್. ಇಲ್ಲಿ ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಪಿಯುಸಿಯಲ್ಲಿ ಅಪ್ಪನ ಹೆಸರು ಪೂರ್ತಿ. ಮೂರೂ ಕಡೆ ಮೂರು ಥರ. ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹಾಗೇ ಆಧಾರ್ ತಿದ್ದಿಸಿಕೊಂಡು, ಆಮೇಲೆ ಅರ್ಜಿ ತುಂಬಿ. ಸೇರಿದ ಮೇಲೆ ಹೆಸರು ತಿದ್ದಿಸುವುದು ಉದ್ದದ ಕೆಲಸ. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇ ಕೊಡಿ, ಸೈಬರ್ ಸೆಂಟರಿನವರದ್ದು ಬೇಡ. ನಾಲ್ಕು ವರ್ಷದ ಎಲ್ಲ ಸುದ್ದಿಯೂ ಅದಕ್ಕೇ ಬರುತ್ತದೆ.

ಫೋಟೋ, ಸಹಿ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಮೀಸಲಾತಿ ಇದ್ದರೆ ಅದರ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ದೃಢೀಕರಣ ಕೇಳಿದರೆ ನಿಮ್ಮ ಕಾಲೇಜಿನ ಪ್ರಿನ್ಸಿಪಾಲ್, ಗೆಜೆಟೆಡ್ ಅಧಿಕಾರಿ ಅಥವಾ ಹತ್ತಿರದ ಯಾವುದಾದರೂ ಸಿಎ ಹತ್ತಿರ ಹೋಗಿ. ನಾವು ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ. ತಿಂಗಳ 20ನೇ ತಾರೀಕು ಮಾತ್ರ ಬರಬೇಡಿ, ಅವತ್ತು ಜಿಎಸ್‌ಟಿ ರಿಟರ್ನ್‌ಗೆ ಕೊನೇ ದಿನ, ಯಾವ ಸಿಎ ಆಫೀಸಿನಲ್ಲೂ ನಿಮ್ಮನ್ನು ಕೂರಿಸಿ ಮಾತಾಡಿಸಲು ಪುರುಸೊತ್ತು ಇರುವುದಿಲ್ಲ.